ವಾರಾನ್ನದ ಋಣ
ವಾರಾನ್ನ ಉಂಡು ಓದಿದ ಹಿರಿಯರು ನಮ್ಮ ಮನೆತನಗಳಲ್ಲಿ ಹಲವರು. ಅಂದು ಬಡ ವಿದ್ಯಾರ್ಥಿಗೆ ಹಸಿವೇ ದೊಡ್ಡ ಅಡ್ಡಿ. ಏಳು ಮನೆಗಳು ಕೂಡಿ ಅದನ್ನು ನೀಗಿಸುತ್ತಿದ್ದವು. ಇಂದು ಶುಲ್ಕವೇ ಅಡ್ಡಿ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಶನ್ ಶುಲ್ಕವನ್ನು ಕಾನೂನುಬಾಹಿರವೆಂದಿತು; 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ, 14 ವರ್ಷದ ನಂತರದ ಶಿಕ್ಷಣದ ಹಕ್ಕು ಸರಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದೆಂದಿತು. ಸರಕಾರದ ಶಕ್ತಿ ಮುಗಿದಲ್ಲಿ ಸಮಾಜದ ಧರ್ಮವೂ ಮುಗಿಯುವುದೇ? ಸ್ವಂತ ಮಕ್ಕಳ ಶುಲ್ಕ ತೆರುವುದು ಕರ್ತವ್ಯ, ದಾನವಲ್ಲ. ಅಂದಿನ ಗೃಹಿಣಿಯರು ತಮ್ಮ ಮಕ್ಕಳಿಗಷ್ಟೇ ಬಡಿಸಿದ್ದರೆ ಆ ಹಿರಿಯರು ಓದುತ್ತಿರಲಿಲ್ಲ, ನಾವು ಈ ಮಹಾನಗರಗಳನ್ನು ಸೇರುತ್ತಿರಲಿಲ್ಲ. ಒಂದು ಮನೆಗೆ ಭಾರವಾದ ಶುಲ್ಕವನ್ನು ಏಳು ಮನೆಗಳು ಹಂಚಿಕೊಂಡರೆ ಒಬ್ಬ ವಿದ್ಯಾರ್ಥಿ ಓದಿಯಾನು. ಅವನು ನಮ್ಮ ಬಂಧುವಾಗಿರಬೇಕೆಂದಿಲ್ಲ, ಅರ್ಹನಾಗಿದ್ದರೆ ಸಾಕು.