ಕಡಲು ನಿಂತ ಕಾಲದ ಬೆಳೆ

ಭತ್ತಕ್ಕೆ ಉಪ್ಪು ಆಗದು. ಗದ್ದೆಗೆ ಒಮ್ಮೆ ಕಡಲ ನೀರು ನುಗ್ಗಿತೆಂದರೆ ಎಲೆಯ ತುದಿ ಸುಡುತ್ತದೆ, ತೆನೆ ಜೊಳ್ಳಾಗುತ್ತದೆ, ಆ ವರ್ಷದ ಅನ್ನ ಹೋದಂತೆಯೇ. ಹೀಗಿದ್ದೂ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ, ಭರತದ ಹೊತ್ತಿಗೆ ಕಡಲು ನದಿಯೊಳಗೆ ಏರಿಬರುವ ಜಾಗದಲ್ಲೇ, ಒಂದು ಭತ್ತ ನಿಂತಿದೆ. ಅದರ ಹೆಸರು ಕಗ್ಗ. ಎದೆಮಟ್ಟ ಬೆಳೆಯುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ.

ಆ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ನದಿಗೂ ಗದ್ದೆಗೂ ನಡುವೆ ಒಂದು ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಭರತ ಏರುವಾಗ ಬಾಗಿಲು ಮುಚ್ಚಬೇಕು. ಇಳಿತದಲ್ಲಿ ತೆರೆದು ಒಳಗಿನ ನೀರನ್ನು ಹೊರಗೆ ಬಿಡಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರಿನ ಏರಿಳಿತ ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಬಾಗಿಲು ಕಾಯುವವರು ಆಕಾಶ ನೋಡಿ ಕೆಲಸಕ್ಕೆ ಇಳಿಯಬೇಕಾದವರು.

ಮುಂಗಾರು ಬಿದ್ದಾಗ ಮೂರು ಮೀಟರಿಗೂ ಮಿಕ್ಕು ಸುರಿಯುವ ಈ ನಾಡಿನ ಮಳೆ ಗಜನಿಯ ಉಪ್ಪನ್ನು ತೊಳೆದು ಬಾಗಿಲಿನಿಂದ ಹೊರಗೆ ಒಯ್ಯುತ್ತದೆ. ಉಪ್ಪಿಗೆ ಭತ್ತ ಅತಿ ಹೆಚ್ಚು ಅಂಜುವುದು ಎರಡೇ ಹೊತ್ತಿನಲ್ಲಿ: ಸಸಿಯಾಗಿದ್ದಾಗ ಮತ್ತು ಹೂವಾಡುವಾಗ. ಇವೆರಡೂ ನೀರು ಸಿಹಿಯಾಗಿರುವ ತಿಂಗಳುಗಳೊಳಗೆ ಮುಗಿಯುವಂತೆ ಬಿತ್ತನೆಯ ಕಾಲ ಕೂತಿದೆ. ಮಳೆ ಮುಗಿದು ಉಪ್ಪು ಮರಳುವ ಹೊತ್ತಿಗೆ ಕೊಯ್ಲು. ಕೊಯ್ಯುವಾಗ ತೆನೆಯಿರುವ ಮೇಲ್ಭಾಗವನ್ನಷ್ಟೇ ತೆಗೆದು ಬುಡವನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದುಕೊಳ್ಳುತ್ತದೆ, ಈ ಬಾರಿ ಒಳಗೆ ಕರೆಯಲು. ಉಪ್ಪುನೀರಿನ ಜೊತೆ ಮೀನುಮರಿ, ಶೆಟ್ಲಿಮರಿ (ಸಿಗಡಿಮರಿ) ಬರುತ್ತವೆ. ಕೊಳೆಯುವ ಕೂಳೆ ಅವುಗಳ ಮೇವಿಗೆ ಆಸರೆಯಾಗುತ್ತದೆ. ಅವು ಬಿಟ್ಟ ಸಾರ ಮುಂದಿನ ಬೆಳೆಗೆ. ಅರ್ಧ ವರ್ಷ ಹೊರಗೆ ಇಡಬೇಕಾದ ಕಡಲನ್ನು ಉಳಿದರ್ಧ ವರ್ಷ ಮನೆಯೊಳಗೆ ಕರೆದು ಕೂರಿಸುವ ಈ ಏರ್ಪಾಡನ್ನು ಮೊದಲು ಯೋಚಿಸಿದವರು ಯಾರೋ, ಅವರನ್ನು ನೆನೆದಾಗ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಉಪ್ಪನ್ನು ತಡೆಯುವ ಭತ್ತದ ಒಳಗೆ ಏನು ನಡೆಯುತ್ತದೆ ಎನ್ನುವುದು ಇನ್ನೊಂದು ಬೆರಗು. ಉಪ್ಪಿನ ಸೋಡಿಯಂ ಗಿಡಕ್ಕೆ ಬೇಕಾದ ಪೊಟ್ಯಾಸಿಯಂ ಅನ್ನು ಹೋಲುತ್ತದೆ. ಆ ಹೋಲಿಕೆಯ ಮರೆಯಲ್ಲೇ ಬೇರಿನೊಳಗೆ ನುಸುಳಿ ಎಲೆಗೆ ಏರಿ ಕೊಲ್ಲುತ್ತದೆ. ಬಂಗಾಳದ ನೋನಾ ಬೊಕ್ರಾ ಎಂಬ ನಾಟಿ ಭತ್ತದಲ್ಲಿ ವಿಜ್ಞಾನಿಗಳು 2005ರಲ್ಲಿ ಒಂದು ಜೀನ್ ಗುರುತಿಸಿದರು. ಅದು ರೂಪಿಸುವ ಪ್ರೋಟೀನು ನೀರು ಮೇಲೇರುವ ನಾಳದ ಪಕ್ಕದಲ್ಲೇ ನಿಂತು, ಸೋಡಿಯಂ ಅನ್ನು ಹೆಕ್ಕಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲೆಗೆ ಏರುವ ಸೋಡಿಯಂ ಕಡಿಮೆಯಾಗುತ್ತದೆ, ಪೊಟ್ಯಾಸಿಯಂ ಉಳಿಯುತ್ತದೆ. ಕೇರಳದ ಪೊಕ್ಕಾಳಿ ಭತ್ತದ ಮೊದಲನೆಯ ವರ್ಣತಂತುವಿನಲ್ಲೂ ಉಪ್ಪು ತಾಳುವ ಇಂಥದೇ ಒಂದು ತಾಣವಿದೆ. ಇಂದು ಹಲವು ದೇಶಗಳಲ್ಲಿ ಉಪ್ಪುನೆಲಕ್ಕೆಂದು ತಯಾರಾಗುವ ಹೊಸ ತಳಿಗಳಿಗೆ ಅದನ್ನೇ ಸಂಕರದಿಂದ ತಂದು ಸೇರಿಸುತ್ತಾರೆ. ಪ್ರಯೋಗಶಾಲೆ ಅದಕ್ಕೊಂದು ಹೆಸರಿಟ್ಟಿತು. ಅದನ್ನು ಉಳಿಸಿಕೊಂಡು ಬಂದವರು ಪ್ರತಿ ವರ್ಷ ಉಪ್ಪಿನಲ್ಲಿ ಬದುಕಿದ ತೆನೆಯನ್ನೇ ಬೀಜಕ್ಕೆ ಎತ್ತಿಟ್ಟ ರೈತರು.

ಹಾಗಾದರೆ ಇಂಥ ಆಯ್ಕೆಗೆ ಒತ್ತಾಯಿಸಿದ ಕಡಲು ಯಾವಾಗಿನಿಂದ ಅಘನಾಶಿನಿ ಅಳಿವೆಯ ಬಾಯಲ್ಲಿ ನಿಂತಿದೆ? ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ನಮ್ಮ ಪಶ್ಚಿಮದ ದಡ ಎಷ್ಟೋ ದೂರ ಆಚೆಗಿತ್ತು, ಅಘನಾಶಿನಿ ಇನ್ನಷ್ಟು ಹರಿದು ಕಡಲು ಸೇರಬೇಕಿತ್ತು. ಹಿಮ ಕರಗಿದಂತೆ ಕಡಲು ಏರುತ್ತ ಬಂತು. ಸುಮಾರು 7,000 ವರ್ಷಗಳ ಹಿಂದೆ ಆ ಏರಿಕೆ ನಿಧಾನಿಸಿ, ಹೆಚ್ಚುಕಡಿಮೆ ನಿಂತಿತು. ನದಿಗಳು ಮಣ್ಣು ತಂದು ಮುಖಜಭೂಮಿ ಕಟ್ಟಿದ್ದು, ಇಂದಿನ ಅಳಿವೆಗಳು ರೂಪುಗೊಂಡದ್ದು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾಗಿಡಗಳು ದಡ ಹಿಡಿದದ್ದು, ಮನುಷ್ಯ ಬಂದು ಒಡ್ಡು ಹಾಕಿದ್ದು ಎಲ್ಲ ಬಹುಮಟ್ಟಿಗೆ ಆ ನಿಲುಗಡೆಯ ನಂತರ. ಗಂಗಾ ಮುಖಜಭೂಮಿಯ ಗದ್ದೆಗಳೂ ಮುಂಬಯಿಯ ರೇವುಗಳೂ ಮಲ್ಪೆಯ ದಕ್ಕೆಯೂ ಆ ಬಿಡುವಿನೊಳಗೇ ಎದ್ದವು. ಕಡಲ ತೀರ ಒಂದು ಕಡೆ ಇರುತ್ತದೆ ಎಂದು ನಾವು ನಂಬಿಕೊಂಡಿದ್ದು ಅದು ಅಷ್ಟು ದೀರ್ಘಕಾಲ ನಿಂತಿದ್ದರಿಂದ. ಕಡಲಂಚಿನ ನಾಗರಿಕತೆಯೆಲ್ಲ ಒಂದು ವಿರಾಮದ ಮೇಲೆ ಕಟ್ಟಿದ್ದು ಎಂದು ತಿಳಿದ ದಿನದಿಂದ ಮರಳ ಮೇಲೆ ನಿಂತರೆ ಕಾಲಡಿಯ ಕಾಲ ಬೇರೆಯೇ ಅನ್ನಿಸುತ್ತದೆ.

ಆ ವಿರಾಮ ಮುಗಿದಿದೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿತು. ಮೊದಲ 70 ವರ್ಷ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ವೇಗ, 2006ರ ನಂತರದ ವರ್ಷಗಳಲ್ಲಿ 3.7 ಮಿಲಿಮೀಟರ್ ಆಯಿತು. 1971ರಿಂದೀಚಿನ ಏರಿಕೆಯಲ್ಲಿ ಅರ್ಧದಷ್ಟು ಹೊಸ ನೀರೇ ಅಲ್ಲ, ಇದ್ದ ನೀರು ಕಾದು ಹಿಗ್ಗಿದ್ದು. ನಾವು ಉರಿಸಿದ ಕಲ್ಲಿದ್ದಲು, ಪೆಟ್ರೋಲಿನಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದ ನೂರರಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚನ್ನು ಕಡಲೇ ನುಂಗಿಕೊಂಡಿದೆ. ನಮಗೆ ತಾಗಬೇಕಿದ್ದ ಬೇಗೆ ಅದು.

ಹಂಡೆಗೆ ನೀರು ಸುರಿದಂತೆ ಕಡಲು ಎಲ್ಲೆಡೆ ಸಮವಾಗಿ ಏರುತ್ತದೆ ಎಂದುಕೊಂಡರೆ ಅದೂ ನಿಜವಲ್ಲ. ಕಡಲ ಮೈ ಸಪಾಟಾಗಿಯೇ ಇಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವದ ಸೆಳೆತ ಕಡಿಮೆ. ಅಲ್ಲಿ ಕಡಲ ಮೇಲ್ಮೈ ಜಗತ್ತಿನ ಸರಾಸರಿಗಿಂತ 106 ಮೀಟರಿನಷ್ಟು ತಗ್ಗಿನಲ್ಲಿದೆ. ಹಡಗಿನಲ್ಲಿ ಹಾದುಹೋಗುವವರಿಗೆ ಆ ತಗ್ಗು ಗೊತ್ತೇ ಆಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಅದಕ್ಕೊಂದು ವಿವರಣೆ ಕೊಟ್ಟರು: ಟೆಥಿಸ್ ಎಂಬ ಪ್ರಾಚೀನ ಸಾಗರದ ತಳ ಭೂಗರ್ಭಕ್ಕೆ ಇಳಿದುಹೋಗಿ, ಅದರಿಂದ ಕದಲಿ ಮೇಲೆದ್ದ ಬಿಸಿಯಾದ ಹಗುರ ಶಿಲೆಯೇ ಆ ತಗ್ಗಿಗೆ ಕಾರಣ. ಸತ್ತ ಸಾಗರವೊಂದು ಬದುಕಿರುವ ಸಾಗರದ ಮೈಯನ್ನು ಇನ್ನೂ ತಿದ್ದುತ್ತಿದೆ.

ಗುರುತ್ವದ ಇನ್ನೊಂದು ಆಟ ನಮ್ಮ ಗಜನಿಗೆ ನೇರವಾಗಿ ತಟ್ಟುವಂಥದ್ದು. ಗ್ರೀನ್‌ಲ್ಯಾಂಡಿನ ಹಿಮರಾಶಿ ತನ್ನ ತೂಕದಿಂದ ಸುತ್ತಲಿನ ಕಡಲನ್ನು ತನ್ನತ್ತ ಎಳೆದು ಇಟ್ಟುಕೊಂಡಿದೆ. ಹಿಮ ಕರಗಿದರೆ ಆ ಸೆಳೆತ ಸಡಿಲವಾಗಿ, ಅಲ್ಲಿನ ದಡದಲ್ಲಿ ನೀರು ಇಳಿಯುತ್ತದೆ. ಬಿಟ್ಟ ನೀರು ದೂರದ ಕಡಲುಗಳಲ್ಲಿ ಸರಾಸರಿಗಿಂತ ಹೆಚ್ಚಾಗಿ ಏರುತ್ತದೆ. ಧ್ರುವದ ಬಳಿ ಕರಗಿದ್ದು ಕುಮಟೆಯ ಹಲಗೆ ಬಾಗಿಲನ್ನು ಬಂದು ಒತ್ತುತ್ತದೆ. ಹಿಮವನ್ನೇ ನೋಡಿರದ ಊರಿಗೆ ಹಿಮದೊಂದಿಗೆ ಇಂಥ ನಂಟು.

ಈ ಶತಮಾನದ ಕೊನೆಗೆ ಸರಾಸರಿ ಏರಿಕೆ ಎಷ್ಟಿರಬಹುದು? ಹೊಗೆಯನ್ನು ಬೇಗ ತಗ್ಗಿಸಿದರೆ ಒಂದಡಿಯಿಂದ ಎರಡಡಿಯ ಒಳಗೆ, ಬೇಕಾಬಿಟ್ಟಿ ಉರಿಸುತ್ತ ಹೋದರೆ ಎರಡರಿಂದ ಮೂರಡಿಗೂ ತುಸು ಮಿಕ್ಕು. ಗಜನಿಯ ಲೆಕ್ಕದಲ್ಲಿ ಇವು ಸಣ್ಣ ಅಂಕಿಗಳಲ್ಲ. ಇಳಿತ ಮೊದಲಿನಷ್ಟು ಇಳಿಯದಿದ್ದರೆ ಬಾಗಿಲು ತೆರೆದಿಡುವ ಹೊತ್ತು ಕಿರಿದಾಗುತ್ತದೆ, ಮಳೆನೀರು ಒಳಗೇ ನಿಲ್ಲುತ್ತದೆ, ಉಪ್ಪು ತೊಳೆದುಹೋಗುವುದಿಲ್ಲ. ಹುಣ್ಣಿಮೆಯ ಭರತ ಒಡ್ಡಿನ ನೆತ್ತಿ ದಾಟುತ್ತದೆ. ಬಾವಿಯ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ.

ಅಘನಾಶಿನಿಗೆ ಒಂದು ಬಲವಿದೆ. ಶಿರಸಿಯ ಶಂಕರಹೊಂಡದಿಂದ ಕಡಲು ಸೇರುವ ತದಡಿಯವರೆಗೆ ಅದಕ್ಕೆ ಅಣೆಕಟ್ಟಿಲ್ಲ. ಘಟ್ಟದ ಮಣ್ಣು ತಡೆಯಿಲ್ಲದೆ ಅಳಿವೆಗೆ ಬರುತ್ತದೆ, ಕಾಂಡ್ಲಾದ ಬೇರುಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಕಡಲು ಏರಿದಂತೆ ನೆಲವೂ ತುಸು ಏರಬಲ್ಲದು, ಅವಸರ ಮಾಡದಿದ್ದರೆ. ಕೃಷ್ಣೆಯ ಮುಖಜಭೂಮಿಗೆ ಆ ಭಾಗ್ಯವಿಲ್ಲ. ಅವಳು ಹೊತ್ತು ತರುತ್ತಿದ್ದ ಮಣ್ಣಿನ ಬಹುಪಾಲು ಅಣೆಕಟ್ಟುಗಳ ಹಿಂದೆ ಕೂತಿದೆ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗೆ ಸಂತೋಷವಾಗಿದ್ದು ಹಕ್ಕಿಗಳಿಗಾಗಿ, ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರಿಗಾಗಿ, ಜೊತೆಗೆ ಈ ಮಣ್ಣಿಗಾಗಿ.

ಉಳ್ಳಾಲದ ಕಡೆ ಕಡಲ್ಕೊರೆತಕ್ಕೆ ಬಂಡೆ ಸುರಿಯುತ್ತಾರೆ. ಅದನ್ನು ಜರೆಯಲಾರೆ. ಅಲೆ ಅಂಗಳಕ್ಕೆ ಬಂದವರಿಗೆ ಕಲ್ಲು ಬೇಕೇ ಬೇಕು. ಆದರೆ ತಡೆಗೋಡೆಗೆ ಬಡಿದ ಅಲೆ ಪಕ್ಕದ ಮರಳನ್ನು ಕೆರೆದು ಒಯ್ಯುವುದನ್ನೂ ಅಲ್ಲಿಯವರು ನೋಡಿದ್ದಾರೆ. ಗಜನಿಯ ಒಡ್ಡು ಬೇರೆ ಬಗೆಯದು. ಕಡಲಿನ ಹೊತ್ತು ತಿಳಿದವರು ಪಕ್ಕದಲ್ಲಿದ್ದರೆ ಮಾತ್ರ ಅದಕ್ಕೆ ಅರ್ಥ.

ಆ ಪಕ್ಕದವರು ಕಡಿಮೆಯಾಗುತ್ತಿದ್ದಾರೆ. ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಶೆಟ್ಲಿ ಬೆಳೆದರೆ ಹೆಚ್ಚು ಹಣ, ಹಾಗಾಗಿ ಎಷ್ಟೋ ಗಜನಿಗಳಲ್ಲಿ ಕಗ್ಗ ಹೋಯಿತು. ಒಡ್ಡಿನ ಒಂದು ತುಣುಕು ಕುಸಿದರೂ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ, ಆದ್ದರಿಂದ ಕಗ್ಗವನ್ನು ಒಬ್ಬನೇ ಬೆಳೆಯಲಾಗದು. ನೆರೆಯವನು ಬಿಟ್ಟರೆ ತಾನೂ ಬಿಡಬೇಕು. ಮಾಣಿಕಟ್ಟಾದಂಥ ಊರಿನಲ್ಲಿ ಒಡ್ಡು, ಬಾಗಿಲು, ಬಿತ್ತನೆಗಳನ್ನು ಒಟ್ಟಾಗಿ ನೋಡಿಕೊಳ್ಳುವ ರೂಢಿ ಇದ್ದುದರಿಂದಲೇ ಬೀಜ ಉಳಿಯಿತು. ಕರಾವಳಿಯ ತೇವದಲ್ಲಿ ಭತ್ತದ ಬೀಜ ಬಹಳ ವರ್ಷ ಜೀವ ಹಿಡಿಯುವುದಿಲ್ಲ. ನಾಲ್ಕಾರು ಮಳೆಗಾಲ ಬಿತ್ತದೆ ಬಿಟ್ಟರೆ ಇಷ್ಟು ತಲೆಮಾರುಗಳ ಆಯ್ಕೆ ಮುಗಿಯಿತು. ತಂಪುಪೆಟ್ಟಿಗೆಯ ಬೀಜಭಂಡಾರದಲ್ಲಿ ಜೀನ್ ಉಳಿದೀತು; ಯಾವ ತಿಥಿಗೆ ಹಲಗೆ ಎತ್ತಬೇಕೆಂಬುದು ಉಳಿಯದು. ತಡೆಗೋಡೆಗೆ ಕೋಟಿಗಳನ್ನು ಎಣಿಸುವ ಸರ್ಕಾರ ಮಳೆಗಾಲಕ್ಕೆ ಮುಂಚೆ ಗಜನಿಯ ಒಡ್ಡಿಗೆ ಮಣ್ಣು ಏರಿಸುವ ಕೂಲಿಯನ್ನೂ ಕರಾವಳಿ ರಕ್ಷಣೆಯ ಬಾಬ್ತಿನಲ್ಲೇ ಬರೆಯಲಿ, ಕಗ್ಗಕ್ಕೆ ಶೆಟ್ಲಿಯ ಎದುರು ನಿಲ್ಲುವ ಬೆಲೆ ಕೊಡಲಿ. ಬಿತ್ತುವವರು ಇನ್ನೂ ಇರುವಾಗಲೇ ಇದು ಆಗಬೇಕು.