15 ವರ್ಷದ ಗೆರೆ

ಸೈನ್ಯದಲ್ಲಿ ಸಾಮಾನ್ಯ ಜವಾನನಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಆಗಿರಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು. ಯುದ್ಧ ಮುಗಿದ ಮೇಲೆ ಬಹುಪಾಲು ಜನರನ್ನು ಮನೆಗೆ ಕಳಿಸಲಾಯಿತು. ಬರ್ಮಾದ ಕಾಡನ್ನೋ ಆಫ್ರಿಕಾದ ಮರಳನ್ನೋ ಕಂಡು ಬಂದವರಿಗೂ 15 ವರ್ಷ ತುಂಬಿರಲಿಲ್ಲ. ಅವರಲ್ಲಿ ಇಂದು ಬದುಕಿರುವವರು ನೂರರ ಆಸುಪಾಸಿನವರು. ನಂತರದ ಯುದ್ಧಗಳ ಕಾಲದಲ್ಲೂ ಸೇವೆ ತುಂಬದೆ ಹೊರಬಂದವರಿದ್ದಾರೆ.

ಈ ಗೆರೆಯೇ ಅನ್ಯಾಯ ಎಂದು ನಾನು ಹೇಳಲಾರೆ. ಯಾರು ಎಷ್ಟು ಅಪಾಯ ಎದುರಿಸಿದರು ಎಂದು ಯಾವ ಗುಮಾಸ್ತನೂ ತೂಗಲಾರ, ವರ್ಷಗಳನ್ನಾದರೆ ಎಣಿಸಬಹುದು. ಒಂದೂ ಗುಂಡು ಹಾರಿಸದೆ 15 ವರ್ಷ ಗಡಿ ಕಾದವನೂ ಪ್ರಾಣ ಒಡ್ಡಿಯೇ ನಿಂತಿದ್ದ.

ನನ್ನ ತಕರಾರು ಗೆರೆಯಾಚೆ ಉಳಿದವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ. ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂದು 1982ರಲ್ಲಿ ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಿಂಚಣಿಯಿಲ್ಲದ ಮಾಜಿ ಸೈನಿಕರಿಗೆ ಕೇಂದ್ರದಿಂದ ಸಿಗುವುದು ಬಡತನದ ಸಹಾಯಧನ. ವಯಸ್ಸು 65 ಆಗಿರಬೇಕು, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯವರಾಗಿರಬೇಕು, ಖಾಯಂ ಆದಾಯ ಇರಬಾರದು. 2025ರಲ್ಲಿ ಇದು ತಿಂಗಳಿಗೆ 4,000 ರೂಪಾಯಿಯಿಂದ 8,000ಕ್ಕೆ ಏರಿತು. ಒಳ್ಳೆಯದೇ. ಆದರೆ ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇನೆಂದು ತೋರಿಸಿದರೆ ಸಾಕು. ಇವರು ತಾವು ಸೈನಿಕರಾಗಿದ್ದೆವು, ಈಗ ಬಡವರು ಎಂಬ ಎರಡನ್ನೂ ರುಜುವಾತು ಮಾಡಬೇಕು.

ಊರು ಬಿಟ್ಟ ನಮಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅಪ್ಪನನ್ನೋ ಅಜ್ಜನನ್ನೋ ಕೊಡಗಿನಿಂದ, ಬೆಳಗಾವಿಯಿಂದ ಪುಣೆಗೆ ಕರೆತಂದಿರುತ್ತೇವೆ. ಕಾಗದಪತ್ರ ಊರಿನ ಜಿಲ್ಲೆಯಲ್ಲಿ, ಹಿರಿಯರು ಇಲ್ಲಿ ನಾಲ್ಕನೇ ಮಹಡಿಯಲ್ಲಿ. ಅರ್ಜಿ ತುಂಬುವವರು ರಜೆ ಹಾಕಿದ ನಾವು.

ಅರ್ಹತೆಯ ನಿಯಮ ಎರಡು ರೀತಿಯಲ್ಲಿ ತಪ್ಪಬಹುದು. ಸಲ್ಲದವರಿಗೆ ಕೊಡಬಹುದು, ಸಲ್ಲಬೇಕಾದವರಿಗೆ ತಪ್ಪಿಸಬಹುದು. ಮೊದಲನೆಯದರಲ್ಲಿ ಸ್ವಲ್ಪ ಹಣ ಹೋಗುತ್ತದೆ. ಎರಡನೆಯದನ್ನು ಮುಂದೆ ಸರಿಪಡಿಸೋಣವೆಂದರೆ ತೊಂಬತ್ತು ದಾಟಿದವರಿಗೆ ಆ ಮುಂದೆ ಎಂಬುದು ಇರದೆ ಹೋಗಬಹುದು. "ಇನ್ನೊಂದು ದಾಖಲೆ ತನ್ನಿ" ಎಂಬ ಮಾತು ಮೂವತ್ತರವನಿಗೆ ಬರೀ ಓಡಾಟ, ಅವರಿಗೆ ನಿರಾಕರಣೆ.

ಆದ್ದರಿಂದ ವಯಸ್ಸು ಏರಿದಂತೆ ರುಜುವಾತಿನ ಹೊರೆ ಅರ್ಜಿದಾರರಿಂದ ಕಚೇರಿಯ ಕಡೆಗೆ ಸರಿಯಬೇಕು, ಸಂದೇಹದ ಲಾಭ ಹಿರಿಯರಿಗೇ ಸಿಗಬೇಕು ಎಂಬುದು ನನ್ನ ನಿಲುವು. ಸೇವೆಯ ಕಡತಗಳನ್ನು ಇಟ್ಟುಕೊಳ್ಳಲೆಂದೇ ಸೈನ್ಯದಲ್ಲಿ ರೆಕಾರ್ಡ್ ಆಫೀಸುಗಳಿವೆ. ಅಂದು ಹೆಸರು ಬರೆಸಿಕೊಂಡವರೇ ಇಂದು ಆ ಹೆಸರನ್ನು ಹುಡುಕಲಿ.