ಕೈಪಿಡಿಯ ಪ್ರಾಮಾಣ್ಯ

ತಂತ್ರಾಂಶವೊಂದನ್ನು ಬಳಸುವ ಕ್ರಮವನ್ನು ಅದರ ಕೈಪಿಡಿಯಿಂದ ಅರಿತವರ ಜ್ಞಾನವು ಪ್ರತ್ಯಕ್ಷವಲ್ಲ, ಅನುಮಾನವೂ ಅಲ್ಲ. ಅದು ಬಲ್ಲವರ ಮಾತಿನಿಂದ ಬಂದದ್ದು, ಅಂದರೆ ದರ್ಶನಕಾರರು ಶಬ್ದಪ್ರಮಾಣವೆನ್ನುವುದರ ಫಲ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನು, ವಿಷಯವನ್ನು ಸಾಕ್ಷಾತ್ತಾಗಿ ಅರಿತು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಉಪದೇಶಿಸುವವನೇ ಆಪ್ತ, ಎಂದರೆ ಮಾತನ್ನು ನಂಬತಕ್ಕವನು, ಎಂದು ಹೇಳಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಕುಲವನ್ನು ಬಿಟ್ಟು ಅರಿವನ್ನೂ ಪ್ರಾಮಾಣಿಕತೆಯನ್ನೂ ಹಿಡಿದ ಈ ಉದಾರ ಲಕ್ಷಣವು, ಪರಸ್ಪರ ಮುಖ ಕಾಣದವರು ಕೂಡಿ ಬರೆಯುವ ಮುಕ್ತ ತಂತ್ರಾಂಶದ ಕೈಪಿಡಿಗೆ ಪೂರ್ತಿಯಾಗಿ ಒಪ್ಪುತ್ತದೆ.

ಇಂಥ ಕೈಪಿಡಿಗಳು ಇಂದು ಬಹುಮಟ್ಟಿಗೆ ಸ್ಥಿರ ಜಾಲತಾಣಗಳಾಗಿವೆ. ಸರಳ ಪಠ್ಯದಲ್ಲಿ ಬರೆದಿಟ್ಟ ಕಡತಗಳನ್ನು, ಪೈಥಾನ್ ಭಾಷೆಯ ದಾಖಲೆಗಾಗಿ ರೂಪುಗೊಂಡು 2008ರಲ್ಲಿ ಹೊರಬಂದ ಸ್ಫಿಂಕ್ಸ್ ಅಥವಾ ಅನಂತರದ ಎಂಕೆಡಾಕ್ಸ್‌ನಂಥ ಸಾಧನವು ಮುಂಚಿತವಾಗಿಯೇ ಪುಟಗಳಾಗಿ ಕಟ್ಟಿಡುತ್ತದೆ. ಶೀರ್ಷಿಕೆ, ಪರಿವಿಡಿ, ಹುಡುಕುಪೆಟ್ಟಿಗೆ, ಅಡಿಬರಹಗಳನ್ನು ಎಲ್ಲ ಪುಟಗಳಿಗೂ ಒಂದೇ ತೆರನಾಗಿ ಒದಗಿಸುವ ಅಚ್ಚಿಗೆ ಟೆಂಪ್ಲೇಟ್ ಎಂದು ಹೆಸರು. ತಾತ್ತ್ವಿಕ ತೊಡಕು ಹುಟ್ಟುವುದು ಈ ಏಕರೂಪತೆಯಲ್ಲೇ. ನಿನ್ನೆ ತಿದ್ದಿದ ಪುಟವೂ ಎಷ್ಟೋ ಆವೃತ್ತಿಗಳ ಹಿಂದೆಯೇ ಸುಳ್ಳಾದ ಪುಟವೂ ಒಂದೇ ಗಾಂಭೀರ್ಯದಿಂದ ಕಾಣಿಸಿಕೊಳ್ಳುತ್ತವೆ. ಬರೆದವರು ಮರೆಯಾಗಿ, ಮೀಮಾಂಸಕರು ವೇದದ ವಿಷಯದಲ್ಲಿ ಹೇಳುವ ಅಪೌರುಷೇಯತ್ವ, ಅಂದರೆ ಕರ್ತೃವೇ ಇಲ್ಲದಿರುವಿಕೆ, ಮನುಷ್ಯರ ಬರಹಕ್ಕೆ ಅನರ್ಹವಾಗಿ ಅಂಟಿಕೊಳ್ಳುತ್ತದೆ.

ಮೀಮಾಂಸಕನಾದ ಕುಮಾರಿಲ ಭಟ್ಟನ ಪ್ರಕಾರ ಜ್ಞಾನವು ಸ್ವತಃ ಪ್ರಮಾಣ. ಬಾಧಕವಾದ ಇನ್ನೊಂದು ಜ್ಞಾನ ಬರುವವರೆಗೆ ಅದನ್ನು ಶಂಕಿಸಬೇಕಾಗಿಲ್ಲ. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪದೆ, ಜ್ಞಾನದ ಪ್ರಾಮಾಣ್ಯವು ಪರತಃ, ಎಂದರೆ ಹೊರಗಿನಿಂದ, ಮುಖ್ಯವಾಗಿ ಅದನ್ನು ನಂಬಿ ಮಾಡಿದ ಕಾರ್ಯವು ಫಲಿಸುವುದರಿಂದ ತಿಳಿಯತಕ್ಕದ್ದೆಂದು ವಾದಿಸಿದರು. ಕೈಪಿಡಿಯ ಓದುಗರು ಮೀಮಾಂಸಕರಾಗಿರದೆ ಗತಿಯಿಲ್ಲ. ಪ್ರತಿ ವಾಕ್ಯವನ್ನೂ ಶಂಕಿಸುತ್ತ ಯಾರೂ ಕೆಲಸ ಮಾಡಲಾರರು. ಆದ್ದರಿಂದಲೇ ಅಚ್ಚನ್ನು ಸಿದ್ಧಪಡಿಸುವವರು ನೈಯಾಯಿಕರಾಗಬೇಕು. ಸ್ಫಿಂಕ್ಸ್‌ನ ಡಾಕ್‌ಟೆಸ್ಟ್ ಎಂಬ ಅಂಗವು ಪುಟದಲ್ಲಿನ ಉದಾಹರಣೆಗಳನ್ನು ನಿಜವಾಗಿ ನಡೆಸಿ, ಬಂದ ಫಲವನ್ನು ಬರೆದ ಫಲದೊಡನೆ ಹೋಲಿಸುತ್ತದೆ. ನೈಯಾಯಿಕರು ಕೇಳಿದ ಪರೀಕ್ಷೆಗೆ ಇದಕ್ಕಿಂತ ಹತ್ತಿರವಾದದ್ದು ಈ ಕ್ಷೇತ್ರದಲ್ಲಿ ಸಿಗುವುದು ಕಷ್ಟ. ಎಂಕೆಡಾಕ್ಸ್‌ನ ಕಟ್ಟುನಿಟ್ಟಿನ ವಿಧಾನದಲ್ಲಿ, ಇಲ್ಲದ ಪುಟಕ್ಕೆ ಕೊಂಡಿ ಹಾಕಿದ್ದರೆ ತಾಣ ಕಟ್ಟುವ ಕ್ರಿಯೆಯೇ ನಿಂತುಹೋಗುತ್ತದೆ. ಆವೃತ್ತಿಯ ಸಂಖ್ಯೆ, ಕೊನೆಯ ಪರಿಷ್ಕರಣೆಯ ದಿನಾಂಕ, ಮೂಲ ಕಡತವನ್ನು ತಿದ್ದಲು ದಾರಿ ತೋರುವ ಕೊಂಡಿ, ಇವು ಮರೆಯಾದ ಕರ್ತೃವನ್ನು ಮತ್ತೆ ಓದುಗರ ಎದುರು ನಿಲ್ಲಿಸುತ್ತವೆ. ಉದಾಹರಣೆಗಳಾಚೆಗಿನ ವಿವರಣೆಯ ಸತ್ಯವನ್ನು ಮಾತ್ರ ಯಾವ ಯಂತ್ರವೂ ಪರೀಕ್ಷಿಸಲಾರದು. ಅರಿತಂತೆಯೇ ತಿಳಿಸುವ ಇಚ್ಛೆ ಬರೆಯುವವರಲ್ಲೇ ಇರಬೇಕು.

ಡಾಕ್‌ಟೆಸ್ಟ್ ಆಗಲಿ, ಪರಿಷ್ಕರಣೆಯ ದಿನಾಂಕವಾಗಲಿ, ಕಟ್ಟುನಿಟ್ಟಿನ ವಿಧಾನವಾಗಲಿ ಈ ಸಾಧನಗಳಲ್ಲಿ ತಾವಾಗಿ ಜಾರಿಯಲ್ಲಿರುವುದಿಲ್ಲ. ಅಚ್ಚನ್ನು ಹೂಡುವವರು ಸಂರಚನೆಯ ಕಡತದಲ್ಲೋ ಆದೇಶದಲ್ಲೋ ಅವನ್ನು ಕೇಳಿ ಪಡೆಯಬೇಕು. ಬಣ್ಣವನ್ನೂ ಅಕ್ಷರಶೈಲಿಯನ್ನೂ ಆರಿಸುವ ಮೊದಲು ಅವರು ಮಾಡಬೇಕಾದ ಕೆಲಸ ಇದು.